ಕೂಡಿ ಕಲಿಯುವ ಕ್ರಮಗಳೂ ಮಾಧ್ಯಮಿಕ ತರಗತಿಗಳ ಗಣಿತವೂ

೧. ವಿಷಯಪ್ರವೇಶ

ಒಂದು ತರಗತಿಯ ಮಕ್ಕಳನ್ನು ನಾಲ್ಕು ನಾಲ್ಕು ಮಂದಿಯ ಪಂಗಡಗಳಾಗಿ ಕೂಡಿಸಿ, ಅವರಿಗೆ ಒಂದು ಲೆಕ್ಕವನ್ನು ಕೊಟ್ಟು, ಎಲ್ಲರೂ ಸೇರಿ ಮಾಡಿರೆಂದು ಹೇಳಿದ ಮಾತ್ರದಿಂದ ಅವರು ಕೂಡಿ ಕಲಿತಂತಾಗುವುದೆ? ಉಪಾಧ್ಯಾಯವೃತ್ತಿಯಲ್ಲಿರುವವರು ಸಾಮಾನ್ಯವಾಗಿ ಕಂಡಿರತಕ್ಕದ್ದು ಇಷ್ಟು: ಚುರುಕಾದ ಒಬ್ಬನು ಲೆಕ್ಕವನ್ನು ಮಾಡುತ್ತಾನೆ, ಇಬ್ಬರು ಅದನ್ನು ನೋಡಿ ಬರೆದುಕೊಳ್ಳುತ್ತಾರೆ, ನಾಲ್ಕನೆಯವನು ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ. ಉಪಾಧ್ಯಾಯರು ಬಂದು ಪರೀಕ್ಷಿಸುವಾಗ ನಾಲ್ಕು ಪುಸ್ತಕಗಳಲ್ಲಿಯೂ ಸರಿಯಾದ ಉತ್ತರವಿರುತ್ತದೆ. ಗಣಿತವು ಮಾತ್ರ ಒಂದು ತಲೆಯಲ್ಲಿ ಇರುತ್ತದೆ. ಹೀಗಿರುವಲ್ಲಿ, ಕೂಡಿ ಕಲಿಯುವುದೆಂಬ ಮಾತಿಗೆ ಇಂದಿನ ಶಿಕ್ಷಣಶಾಸ್ತ್ರಜ್ಞರು ಯಾವ ಅರ್ಥವನ್ನು ಕೊಟ್ಟಿದ್ದಾರೆ, ಅವರು ಏರ್ಪಡಿಸಿರುವ ಬೇರೆ ಬೇರೆ ಕ್ರಮಗಳಲ್ಲಿ ಮಾಧ್ಯಮಿಕ ತರಗತಿಗಳ ಗಣಿತಕ್ಕೆ ಒಪ್ಪುವುವು ಯಾವುವು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಸಾಹಿತ್ಯದ ಉಪಾಧ್ಯಾಯರೂ ವಿದ್ವಾಂಸರೂ ಓದುವ ಪತ್ರಿಕೆಯಲ್ಲಿ ಗಣಿತದ ಮಾತೇಕೆಂದು ಕೆಲವರು ಕೇಳಬಹುದು. ಮುಂದೆ ತೋರುವಂತೆ, ಈ ಕ್ರಮಗಳ ಒಳಿತು ಕೆಡಕುಗಳೆಲ್ಲ ಕಡೆಗೆ ಒಂದೇ ಪ್ರಶ್ನೆಯನ್ನು ಆಶ್ರಯಿಸಿವೆ: ಒಂದು ಮಗು ತಾನು ತಿಳಿದುದನ್ನು ಇನ್ನೊಂದು ಮಗುವಿಗೆ ಮಾತಿನಲ್ಲಿ ತಿಳಿಯಹೇಳಬಲ್ಲುದೆ? ಇದು ಗಣಿತದ ಪ್ರಶ್ನೆಯಾಗಿರುವಷ್ಟೇ ಭಾಷೆಯ ಪ್ರಶ್ನೆಯೂ ಆಗಿದೆ.

೨. ಬಳ್ಳಾರಿಯ ಮಠಗಳಿಂದ ಲಂಡನ್ನಿನವರೆಗೆ

ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮದರಾಸಿನ ಗವರ್ನರಾಗಿದ್ದ ತಾಮಸ್ ಮನ್ರೊ ಅವರು ೧೮೨೨ರಲ್ಲಿ ಆ ಪ್ರಾಂತದ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶೀಯ ಪಾಠಶಾಲೆಗಳ ವಿವರವನ್ನು ಕೇಳಿ ತರಿಸಿದರು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಅವರು ೧೮೨೩ರ ಆಗಸ್ಟಿನಲ್ಲಿ ಬರೆದ ವರದಿಯು ಕನ್ನಡಿಗರಿಗೆ ವಿಶೇಷವಾಗಿ ಬೆಲೆಯುಳ್ಳದ್ದು. ಅವರ ಎಣಿಕೆಯಂತೆ ಆ ಜಿಲ್ಲೆಯಲ್ಲಿ ೫೩೩ ಪಾಠಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಒಟ್ಟು ವಿದ್ಯಾರ್ಥಿಗಳಲ್ಲಿ ಹಿಂದೂ ಹುಡುಗಿಯರು ೬೦ ಮಂದಿ ಮಾತ್ರ.

ಕೂಲಿಮಠವೆಂದೂ ಐಗಳ ಮಠವೆಂದೂ ನಮ್ಮ ಹಿರಿಯರು ಕರೆಯುತ್ತಿದ್ದ ಈ ಶಾಲೆಗಳ ದಿನಚರಿಯನ್ನು ಕ್ಯಾಂಬೆಲ್ ಅವರು ಎಚ್ಚರದಿಂದ ವರ್ಣಿಸಿದ್ದಾರೆ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಯಲ್ಲಿ ಸೊನ್ನೆಯನ್ನು ಬರೆಯುತ್ತಿದ್ದರು. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಹಾಗೆಲ್ಲ ಒಂದೊಂದು ಹೆಚ್ಚು. ಆಮೇಲೆ ಮಕ್ಕಳನ್ನು ಅವರವರ ತಿಳಿವಳಿಕೆಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿ, ಕೆಳಗಿನ ವರ್ಗಗಳನ್ನು ಮುಂದುವರಿದ ಹುಡುಗರಿಗೆ ಒಪ್ಪಿಸುತ್ತಿದ್ದರು. ಮೇಲಿನ ವರ್ಗಗಳನ್ನು ಐಗಳೇ ನೋಡಿಕೊಳ್ಳುತ್ತಿದ್ದರು. ಅಕ್ಷರವನ್ನು ಮರಳ ಮೇಲೆ ಬೆರಳಿಂದ ತಿದ್ದಿಸುತ್ತಿದ್ದರು. ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹಿರಿಯ ಹುಡುಗನು ಕಿರಿಯನಿಗೆ ಹೇಳಿಕೊಡುವುದರಿಂದ ತನ್ನ ಕಲಿವೂ ಗಟ್ಟಿಯಾಗುತ್ತದೆಂಬುದನ್ನು ಕ್ಯಾಂಬೆಲ್ ಅವರು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯುಕ್ತವೇ ಎಂದಿದ್ದಾರೆ.

ಈ ಅನುಕರಣದ ಕಥೆಯು ಹೀಗೆ. ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥಬಾಲಕರ ಶಾಲೆಯ ಆಡಳಿತವನ್ನು ೧೭೮೯ರಲ್ಲಿ ವಹಿಸಿಕೊಂಡ ಆಂಡ್ರೂ ಬೆಲ್ ಅವರು, ಸಮೀಪದ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡರು. ಆ ಕ್ರಮವನ್ನು ತಮ್ಮ ಶಾಲೆಯ ಉಪಾಧ್ಯಾಯರು ಮನಸ್ಸಿಟ್ಟು ನಡೆಸದಿರಲು, ಜಾನ್ ಫ್ರಿಸ್ಕನ್ ಎಂಬ ಚಿಕ್ಕ ಹುಡುಗನಿಂದಲೇ ಇತರ ಮಕ್ಕಳಿಗೆ ಅಕ್ಷರವನ್ನು ಹೇಳಿಸಿದರು. ೧೭೯೭ರಲ್ಲಿ ಬೆಲ್ ಅವರು ಈ ಪ್ರಯೋಗದ ವೃತ್ತಾಂತವನ್ನು ಲಂಡನ್ನಿನಲ್ಲಿ ಅಚ್ಚು ಮಾಡಿಸಿದರು. ಮಾರನೆಯ ವರ್ಷ ಸೌತ್‌ವಾರ್ಕಿನಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಅವರು ಇದೇ ಬಗೆಯ ಏರ್ಪಾಡನ್ನು ಬಹಳ ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಒಬ್ಬ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಪಾಠವಾಗುವುದೆಂಬ ಮಿತವ್ಯಯವೇ ಇದರ ಮುಖ್ಯ ಆಕರ್ಷಣೆಯಾಗಿದ್ದಿತು.

ಆದರೆ ಕ್ಯಾಂಬೆಲ್ ಅವರ ವರದಿಯ ಉತ್ತರಾರ್ಧವನ್ನೂ ನಾವು ಓದಬೇಕು. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸಬಲ್ಲವರಾದರೂ ಅರ್ಥವನ್ನು ಅರಿಯರು. ಗ್ರಂಥಭಾಷೆಯು ಆಡುಭಾಷೆಗೆ ದೂರವಾಗಿರುವುದರಿಂದ ಹೇಳಿಕೊಡುವವರಿಗೂ ಅದು ತಿಳಿಯದು ಎಂದು ಅವರು ಕೊರತೆಯನ್ನು ತೋರಿಸಿದ್ದಾರೆ. ಹೇಳುವ ಹುಡುಗನಿಗೂ ಕೇಳುವ ಹುಡುಗನಿಗೂ ಅರ್ಥವು ದೂರವಾಗಿದ್ದರೆ, ಒಬ್ಬರಿಂದೊಬ್ಬರಿಗೆ ಸಾಗುವುದು ಶಬ್ದಮಾತ್ರ. ಬೆಲ್ ಮತ್ತು ಲ್ಯಾಂಕಾಸ್ಟರ್ ಅವರ ಶಾಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಿಂದೆ ಬಿದ್ದುದಕ್ಕೆ ಈ ಯಾಂತ್ರಿಕತೆಯೂ ಒಂದು ಕಾರಣ. ಅಲ್ಲಿ ಹಿರಿಯನು ಅಧಿಕಾರಿ, ಕಿರಿಯನು ಅಧೀನ. ಇಂದು ನಾವು ಸಹಕಾರವೆಂದು ಹೇಳುವುದು ಇದಕ್ಕಿಂತ ಭಿನ್ನವಾದ ಸಂಬಂಧ.

೩. ಸಹಕಾರದ ಲಕ್ಷಣ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟನ್ ಡಾಯ್ಚ್ ಅವರು ೧೯೪೯ರಲ್ಲಿ ಸಹಕಾರಕ್ಕೂ ಸ್ಪರ್ಧೆಗೂ ಇರುವ ಭೇದವನ್ನು ಸ್ಪಷ್ಟವಾಗಿ ನಿರೂಪಿಸಿದರು. ನನ್ನ ಗುರಿಯು ಕೈಗೂಡಬೇಕಾದರೆ ನಿನ್ನ ಗುರಿಯೂ ಕೈಗೂಡಬೇಕೆಂಬ ಸ್ಥಿತಿಯು ಸಹಕಾರ. ನೀನು ಸೋತರೆ ಮಾತ್ರ ನಾನು ಗೆಲ್ಲುವೆನೆಂಬ ಸ್ಥಿತಿಯು ಸ್ಪರ್ಧೆ. ಅಂಗೈಯಲ್ಲಿ ಸರಸ್ವತಿಯ ಹೆಸರು ಒಬ್ಬನಿಗೆ ಮಾತ್ರ ದೊರೆಯುವ ಮಠವು, ಮಕ್ಕಳಿಂದಲೇ ಪಾಠ ಹೇಳಿಸುತ್ತಿದ್ದರೂ, ಈ ಅಂಶದಲ್ಲಿ ಸ್ಪರ್ಧೆಯ ಮಠವೇ ಆಗಿದ್ದಿತು.

ಡಾಯ್ಚ್ ಅವರ ವಿಚಾರವನ್ನು ಮಿನ್ನೆಸೋಟ ವಿಶ್ವವಿದ್ಯಾನಿಲಯದ ಡೇವಿಡ್ ಜಾನ್ಸನ್ ಮತ್ತು ರಾಜರ್ ಜಾನ್ಸನ್ ಸೋದರರು ತರಗತಿಗೆ ತಂದು, ಐದು ಅಂಗಗಳನ್ನು ಹೇಳಿದರು: ಪರಸ್ಪರಾವಲಂಬನ, ಪ್ರತಿಯೊಬ್ಬನ ಹೊಣೆಗಾರಿಕೆ, ಎದುರುಬದುರಾಗಿ ಕುಳಿತು ಒಬ್ಬರನ್ನೊಬ್ಬರು ಮುಂದಕ್ಕೆ ತರುವ ಮಾತುಕತೆ, ಕೂಡಿ ನಡೆಯುವ ನಯ, ತಮ್ಮ ಪಂಗಡವು ಹೇಗೆ ಕೆಲಸಮಾಡಿತೆಂದು ಕಡೆಗೆ ತಾವೇ ವಿಮರ್ಶಿಸಿಕೊಳ್ಳುವುದು. ಇವುಗಳಲ್ಲಿ ಮೊದಲ ಎರಡು ಒಂದಕ್ಕೊಂದು ಕಾವಲು. ಪರಸ್ಪರಾವಲಂಬನವಿಲ್ಲದೆ ಹೊಣೆಗಾರಿಕೆ ಮಾತ್ರ ಇದ್ದರೆ ಒಬ್ಬೊಬ್ಬನೂ ತನ್ನ ಪಾಡಿಗೆ ತಾನು ಲೆಕ್ಕ ಮಾಡುವನು. ಹೊಣೆಗಾರಿಕೆಯಿಲ್ಲದೆ ಅವಲಂಬನ ಮಾತ್ರ ಇದ್ದರೆ, ಮೊದಲು ಹೇಳಿದ ಕಿಟಕಿಯ ಹುಡುಗನು ಸುಖವಾಗಿರುವನು.

೪. ನಾಲ್ಕು ಕ್ರಮಗಳು

ಜಾನ್ಸನ್ ಸೋದರರು ತತ್ತ್ವವನ್ನು ಹೇಳಿ ವಿವರವನ್ನು ಉಪಾಧ್ಯಾಯರ ವಿವೇಚನೆಗೆ ಬಿಟ್ಟರು. ಇತರರು ನಿಯಮಬದ್ಧವಾದ ಕ್ರಮಗಳನ್ನೇ ರಚಿಸಿದರು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು, ತುಂಡು ಚಿತ್ರಗಳನ್ನು ಜೋಡಿಸುವ ಆಟದ ಹೆಸರನ್ನು ಪಡೆದ ಜಿಗ್‌ಸಾ ಕ್ರಮ. ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದ ಶಾಲೆಗಳಲ್ಲಿ ವರ್ಣಭೇದವು ತೊಲಗಿ ಬಿಳಿಯರ, ಕರಿಯರ, ಮೆಕ್ಸಿಕೊ ಮೂಲದವರ ಮಕ್ಕಳು ಮೊದಲ ಬಾರಿಗೆ ಒಟ್ಟಿಗೆ ಕುಳಿತಾಗ ಉಂಟಾದ ವೈಮನಸ್ಯವನ್ನು ನೀಗುವುದಕ್ಕೆಂದು ಎಲಿಯಟ್ ಆರನ್‌ಸನ್ ಅವರು ೧೯೭೧ರಲ್ಲಿ ಇದನ್ನು ಕಲ್ಪಿಸಿದರು. ಪಾಠವನ್ನು ಭಾಗಗಳಾಗಿ ಹಂಚಿ, ಪಂಗಡದ ಒಬ್ಬೊಬ್ಬನಿಗೆ ಒಂದೊಂದು ಭಾಗವನ್ನು ಕೊಡುತ್ತಾರೆ. ಒಂದೇ ಭಾಗವನ್ನು ಪಡೆದ ಬೇರೆ ಬೇರೆ ಪಂಗಡದವರು ಒಂದೆಡೆ ಸೇರಿ ಅದನ್ನು ಚೆನ್ನಾಗಿ ಕಲಿತು, ತಮ್ಮ ತಮ್ಮ ಪಂಗಡಕ್ಕೆ ಹಿಂದಿರುಗಿ ಉಳಿದವರಿಗೆ ಹೇಳಿಕೊಡುತ್ತಾರೆ. ಎಲ್ಲರೂ ಎಲ್ಲರ ಮಾತನ್ನು ಕೇಳಲೇಬೇಕಾಗುವುದು ಇದರ ಗುಣ.

ಎರಡನೆಯದು, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ರಾಬರ್ಟ್ ಸ್ಲೇವಿನ್ ಅವರು ರೂಪಿಸಿದ ತಂಡ ಸಾಧನೆಯ ಕ್ರಮ. ಉಪಾಧ್ಯಾಯರು ಪಾಠ ಹೇಳಿದ ಮೇಲೆ, ಜಾಣರೂ ಮಂದರೂ ಕೂಡಿದ ನಾಲ್ಕೈದು ಮಂದಿಯ ತಂಡಗಳು ಅಭ್ಯಾಸ ಮಾಡುತ್ತವೆ. ಆಮೇಲೆ ಪರೀಕ್ಷೆಯನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ, ಪರಸ್ಪರ ನೆರವಿಲ್ಲದೆ ಬರೆಯುತ್ತಾರೆ. ಇಲ್ಲಿನ ವಿಶೇಷವೆಂದರೆ, ತಂಡಕ್ಕೆ ಸೇರುವ ಅಂಕವು ಆ ಮಗು ಪಡೆದ ಅಂಕವಲ್ಲ, ತನ್ನ ಹಿಂದಿನ ಮಟ್ಟಕ್ಕಿಂತ ಅದು ಎಷ್ಟು ಮೇಲೇರಿತೆಂಬುದು. ಹಿಂದಿನ ಮಟ್ಟಕ್ಕಿಂತ ಹತ್ತಕ್ಕೂ ಹೆಚ್ಚು ಅಂಕ ಮೇಲೇರಿದವನು ತಂಡಕ್ಕೆ ೩೦ನ್ನು ತರುತ್ತಾನೆ. ಹತ್ತರೊಳಗೆ ಏರಿದವನು ೨೦ನ್ನು. ಹತ್ತರೊಳಗೆ ಇಳಿದವನು ೧೦ನ್ನು. ಇನ್ನೂ ಇಳಿದವನು ೫ನ್ನು ಮಾತ್ರ. ಆದುದರಿಂದ ೪೦ರ ಮಟ್ಟದಿಂದ ೫೫ಕ್ಕೆ ಬಂದ ಹುಡುಗಿಯು ೩೦ನ್ನು ತಂದರೆ, ೯೦ರ ಮಟ್ಟದಿಂದ ೮೮ಕ್ಕೆ ಇಳಿದ ಹುಡುಗನು ೧೦ನ್ನೇ ತರುವನು. ಮಂದಗತಿಯ ಮಗುವು ತಂಡಕ್ಕೆ ಭಾರವೆಂಬ ಭಾವವು ಇಲ್ಲಿ ತಲೆಕೆಳಗಾಗುತ್ತದೆ. ಪೂರ್ಣಾಂಕ ಪಡೆದವನಿಗೆ ಯಾವಾಗಲೂ ೩೦ ಸಲ್ಲುವುದರಿಂದ ಜಾಣನಿಗೂ ಅನ್ಯಾಯವಿಲ್ಲ.

ಮೂರನೆಯದು, ತಂಡಗಳ ಪಂದ್ಯದ ಕ್ರಮ. ಡೇವಿಡ್ ಡಿವ್ರೀಸ್ ಮತ್ತು ಅವರ ಸಹೋದ್ಯೋಗಿಗಳು ಅದೇ ವಿಶ್ವವಿದ್ಯಾನಿಲಯದಲ್ಲಿ ಬೆಳೆಯಿಸಿದ ಇದರಲ್ಲಿ ಪರೀಕ್ಷೆಗೆ ಬದಲಾಗಿ ಆಟವಿರುತ್ತದೆ. ಬೇರೆ ಬೇರೆ ತಂಡಗಳ ಸಮಬಲರಾದ ಮೂವರು ಒಂದು ಮೇಜಿನ ಬಳಿ ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳಿ, ಗೆದ್ದ ಅಂಕವನ್ನು ತಮ್ಮ ತಮ್ಮ ತಂಡಕ್ಕೆ ಒಯ್ಯುತ್ತಾರೆ. ತಂಡದೊಳಗೆ ಸಹಕಾರ, ತಂಡಗಳ ನಡುವೆ ಸ್ಪರ್ಧೆ. ಮಕ್ಕಳಿಗೆ ಇದರಲ್ಲಿ ಉತ್ಸಾಹ ಹೆಚ್ಚು. ಆದರೆ ವೇಗಕ್ಕೆ ಬೆಲೆ ಬಂದು ಆಲೋಚನೆ ಹಿಂದಾಗುವ ಅಪಾಯವೂ ಉಂಟು.

ನಾಲ್ಕನೆಯದು, ಗಣಿತಕ್ಕಾಗಿಯೇ ಹುಟ್ಟಿದ್ದು. ಸ್ಲೇವಿನ್ ಅವರೂ ಅವರ ಜೊತೆಗಾರರೂ ೧೯೮೦ರ ದಶಕದಲ್ಲಿ ಮೂರರಿಂದ ಆರರವರೆಗಿನ ತರಗತಿಗಳಿಗೆಂದು ಸಿದ್ಧಪಡಿಸಿದ ಈ ಕ್ರಮದಲ್ಲಿ ಒಂದು ತಂಡದೊಳಗಿನ ಮಕ್ಕಳು ತಮ್ಮ ತಮ್ಮ ಮಟ್ಟದ ಬೇರೆ ಬೇರೆ ಲೆಕ್ಕಗಳನ್ನು ಮಾಡುತ್ತಾರೆ. ಜೊತೆಯವರು ಉತ್ತರದ ಹಾಳೆಯನ್ನಿಟ್ಟುಕೊಂಡು ಅವುಗಳನ್ನು ತಿದ್ದುತ್ತಾರೆ, ತೊಡಕಾದಲ್ಲಿ ನೆರವಾಗುತ್ತಾರೆ. ಇದರಿಂದ ಬಿಡುವು ದೊರೆತ ಉಪಾಧ್ಯಾಯರು ಬೇರೆ ಬೇರೆ ತಂಡಗಳಲ್ಲಿ ಒಂದೇ ಹಂತದಲ್ಲಿರುವವರನ್ನು ಕರೆದು ಪಾಠ ಹೇಳುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಆರಂಭವಾದ ನಲಿ–ಕಲಿಯನ್ನು ಬಲ್ಲ ವಾಚಕರಿಗೆ ಇದು ಪರಿಚಿತವಾಗಿ ತೋರಬಹುದು. ಅಲ್ಲಿಯೂ ಕಲಿಕೆಯ ಏಣಿಯುಂಟು. ಉಪಾಧ್ಯಾಯರ ಪೂರ್ಣ ನೆರವಿನಿಂದ ಕಲಿಯುವ ಗುಂಪು ಮೊದಲಾಗಿ, ಸಹಪಾಠಿಗಳ ನೆರವಿನ ಗುಂಪುಗಳನ್ನು ದಾಟಿ, ತಾನೇ ಕಲಿಯುವ ಗುಂಪಿನವರೆಗೆ ಮಗುವು ಸಾಗುತ್ತದೆ. ಆದರೆ ನಲಿ–ಕಲಿಯು ಮೊದಲ ಮೂರು ತರಗತಿಗಳಿಗೆ ಸಂಬಂಧಿಸಿದ್ದು. ಗಣಿತವು ನಿಜವಾಗಿ ಕಠಿನವಾಗುವ ಮಾಧ್ಯಮಿಕ ತರಗತಿಗಳಿಗೆ ಬರುವ ವೇಳೆಗೆ ಮಗುವು ಮತ್ತೆ ಸಾಲು ಮಣೆಗಳಲ್ಲಿ ಕುಳಿತಿರುತ್ತದೆ.

೫. ಗಣಿತದ ಸ್ವಭಾವ

ಚರಿತ್ರೆಗೂ ಕವಿಚರಿತೆಗೂ ಒಪ್ಪುವ ಕ್ರಮವು ಗಣಿತಕ್ಕೆ ಒಪ್ಪಬೇಕೆಂಬ ನಿಯಮವಿಲ್ಲ. ಒಬ್ಬ ಕವಿಯ ಕಾಲವನ್ನು ಒಬ್ಬನೂ, ಕೃತಿಗಳನ್ನು ಇನ್ನೊಬ್ಬನೂ, ಛಂದಸ್ಸನ್ನು ಮತ್ತೊಬ್ಬನೂ ಓದಿ ಬಂದು ಹೇಳಬಹುದು. ಇವುಗಳಲ್ಲಿ ಯಾವುದು ಮೊದಲಾದರೂ ಬಾಧಕವಿಲ್ಲ. ಭಿನ್ನರಾಶಿಗಳ ಸಂಕಲನವನ್ನು ಹೀಗೆ ಹಂಚುವಂತಿಲ್ಲ. ಸಮಚ್ಛೇದವನ್ನು ತರುವುದು ತಿಳಿಯದವನಿಗೆ ಮುಂದಿನ ಮೆಟ್ಟಲೇ ಇಲ್ಲ. ಆ ಭಾಗವನ್ನು ಹೇಳಬೇಕಾದ ಜೊತೆಗಾರನು ಎಡವಿದರೆ ನಾಲ್ವರೂ ಎಡವುತ್ತಾರೆ. ಆದುದರಿಂದ ಜಿಗ್‌ಸಾ ಕ್ರಮವನ್ನು ಗಣಿತದಲ್ಲಿ ಬಳಸುವವರು, ಒಂದನ್ನೊಂದು ಆಶ್ರಯಿಸದ ಭಾಗಗಳಿರುವ ಪಾಠವನ್ನೇ ಆರಿಸಬೇಕು. ತ್ರಿಭುಜಗಳ ಸರ್ವಸಮತೆಯು ಅಂಥದು. ಬಾ.ಬಾ.ಬಾ., ಬಾ.ಕೋ.ಬಾ., ಕೋ.ಬಾ.ಕೋ., ಲಂ.ಕ.ಬಾ. ಎಂಬ ನಾಲ್ಕು ನಿಯಮಗಳನ್ನು ನಾಲ್ವರಿಗೆ ಹಂಚಿ, ಒಬ್ಬೊಬ್ಬನೂ ತನ್ನ ನಿಯಮದಂತೆ ತ್ರಿಭುಜವನ್ನು ರಚಿಸಿ ತೋರಿಸುವಂತೆ ಮಾಡಬಹುದು.

ಗಣಿತದ ಇನ್ನೊಂದು ಸ್ವಭಾವವೆಂದರೆ ಉತ್ತರದ ಖಚಿತತೆ. ಇದು ಗುಣವೂ ಹೌದು, ದೋಷವೂ ಹೌದು. ಉತ್ತರವನ್ನು ಮಕ್ಕಳೇ ತಾಳೆನೋಡಬಹುದು. ಆದರೆ ಉತ್ತರ ಬಂದೊಡನೆ ಮಾತು ನಿಂತುಹೋಗುತ್ತದೆ. ಒಂದು ಉದಾಹರಣೆಯನ್ನು ನೋಡೋಣ. ಆರು ಮಂದಿ ಹತ್ತು ದಿನಗಳಲ್ಲಿ ಮುಗಿಸುವ ಕೆಲಸವನ್ನು ಹದಿನೈದು ಮಂದಿ ಎಷ್ಟು ದಿನಗಳಲ್ಲಿ ಮುಗಿಸುವರು? ತ್ರೈರಾಶಿಕವನ್ನು ಈಗತಾನೆ ಕಲಿತ ಹುಡುಗಿಯು ಹದಿನೈದನ್ನು ಹತ್ತರಿಂದ ಗುಣಿಸಿ ಆರರಿಂದ ಭಾಗಿಸಿ, ೨೫ ದಿನವೆನ್ನುತ್ತಾಳೆ. ಪಕ್ಕದ ಹುಡುಗನು, ತಪ್ಪು, ನಾಲ್ಕು ದಿನ ಎಂದು ಹೇಳಿದರೆ, ಅವಳು ೨೫ನ್ನು ಹೊಡೆದುಹಾಕಿ ೪ ಎಂದು ಬರೆಯುವಳು. ಅವಳ ತಿಳಿವಳಿಕೆಯು ಇದ್ದಲ್ಲಿಯೇ ಇರುವುದು. ಅದಕ್ಕೆ ಬದಲಾಗಿ ಅವನು, ಕೆಲಸಮಾಡುವವರು ಹೆಚ್ಚಿದರೆ ದಿನಗಳೂ ಹೆಚ್ಚುವುವೆ ಎಂದು ಕೇಳಿದರೆ, ಅವಳು ತಾನೇ ತಡೆದು ನೋಡುವಳು. ಒಟ್ಟು ಕೆಲಸವು ಒಬ್ಬನಿಗೆ ಅರುವತ್ತು ದಿನದ್ದು, ಅದನ್ನು ಹದಿನೈದು ಮಂದಿಗೆ ಹಂಚಬೇಕು ಎಂಬ ಮಾತು ಅವಳ ಬಾಯಿಂದಲೇ ಬಂದರೆ, ನಮ್ಮ ಪ್ರಾಚೀನರು ವ್ಯಸ್ತತ್ರೈರಾಶಿಕವೆಂದು ಕರೆದುದರ ಹುರುಳು ಅವಳಿಗೆ ದಕ್ಕಿತೆಂದು ಹೇಳಬಹುದು.

ಈ ಭೇದವು ಊಹೆಯ ಮಾತಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ನೊರೀನ್ ವೆಬ್ ಅವರು ಗಣಿತ ಕಲಿಯುವ ಸಣ್ಣ ಪಂಗಡಗಳ ಮಾತುಕತೆಯನ್ನು ಕುರಿತ ಸಂಶೋಧನೆಗಳನ್ನು ೧೯೯೧ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ವಿವರವಾಗಿ ತಿಳಿಯಹೇಳಿದ ಮಗುವಿನ ಕಲಿಕೆ ಹೆಚ್ಚುವುದೆಂದೂ, ನೆರವನ್ನು ಬೇಡಿ ಉತ್ತರವನ್ನು ಮಾತ್ರ ಪಡೆದ ಮಗುವಿಗೆ ಅದರಿಂದ ಲಾಭಕ್ಕಿಂತ ನಷ್ಟವೇ ಕಾಣುವುದೆಂದೂ ಅವರು ತೋರಿಸಿದರು. ವಿವರಣೆಯನ್ನು ಕೇಳಿದವನಿಗೂ ಫಲವು ತಾನಾಗಿ ದೊರೆಯದು. ಅದು ಸಕಾಲದಲ್ಲಿ ಬಂದು, ಅವನಿಗೆ ಅರ್ಥವಾಗಿ, ಅವನು ಒಡನೆಯೇ ಅದನ್ನು ತನ್ನ ಲೆಕ್ಕದಲ್ಲಿ ಪ್ರಯೋಗಿಸಿ ನೋಡಬೇಕು. ಹೇಳಿಕೊಡುವ ಹುಡುಗನ ಕಲಿವು ಗಟ್ಟಿಯಾಗುವುದೆಂದು ಬಳ್ಳಾರಿಯ ಕಲೆಕ್ಟರು ೧೮೨೩ರಲ್ಲಿ ಕಂಡ ಸಂಗತಿಯು ಇಲ್ಲಿ ಹೊಸ ಪ್ರಮಾಣದಿಂದ ಸ್ಥಿರಪಟ್ಟಿತು. ಜೊತೆಗೆ, ಹೇಳುವುದೆಂದರೆ ಒಪ್ಪಿಸುವುದಲ್ಲವೆಂಬ ನಿಬಂಧನೆಯೂ ಸೇರಿತು.

೬. ತುಲನೆ

ಫಲಗಳನ್ನು ಹೋಲಿಸಿದವರ ನಿರ್ಣಯವನ್ನು ಈಗ ನೋಡಬಹುದು. ಸ್ಲೇವಿನ್, ಲೇಕ್, ಗ್ರಾಫ್ ಎಂಬವರು ೨೦೦೯ರಲ್ಲಿ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳ ಗಣಿತಬೋಧನೆಯನ್ನು ಕುರಿತ ೧೦೦ ಪ್ರಯೋಗಗಳನ್ನು ಪರಿಶೀಲಿಸಿದರು. ಹೋಲಿಕೆಗೆ ಬೇರೊಂದು ಗುಂಪಿಲ್ಲದ, ಅಥವಾ ೧೨ ವಾರಗಳಿಗಿಂತ ಕಡಮೆ ನಡೆದ ಪ್ರಯೋಗಗಳನ್ನು ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ. ಪಠ್ಯಪುಸ್ತಕವನ್ನು ಬದಲಾಯಿಸಿದುದರಿಂದ ಆದ ಲಾಭವೂ ಗಣಕಯಂತ್ರದ ನೆರವಿನಿಂದ ಆದ ಲಾಭವೂ ಅತ್ಯಲ್ಪವೆಂದು ಕಂಡಿತು. ಎರಡು ಸಹಕಾರಕ್ರಮಗಳು ಮಾತ್ರ ಗಮನಾರ್ಹವಾದ ಫಲವನ್ನು ತೋರಿದುವು. ಅವುಗಳಲ್ಲಿ ಒಂದು ಮೇಲೆ ಹೇಳಿದ ತಂಡ ಸಾಧನೆಯ ಕ್ರಮ. ಅದರ ಕರ್ತೃವೇ ಪರಿಶೀಲಕರಲ್ಲಿ ಒಬ್ಬರಾಗಿರುವುದನ್ನು ನಾವು ಮರೆಯಬಾರದು.

ಇನ್ನೊಂದು, ಇಸ್ರೇಲಿನ ಜೆಮಿರಾ ಮೆವರೆಕ್ ಮತ್ತು ಬ್ರಾಖಾ ಕ್ರಾಮಾರ್ಸ್ಕಿ ಅವರು ಏಳನೆಯ ತರಗತಿಯಲ್ಲಿ ಪ್ರಯೋಗಿಸಿ ೧೯೯೭ರಲ್ಲಿ ಪ್ರಕಟಿಸಿದ ಕ್ರಮ. ಇದರಲ್ಲಿ ಸಣ್ಣ ಪಂಗಡದ ಮಕ್ಕಳು ಪ್ರತಿ ಲೆಕ್ಕಕ್ಕೂ ಕೆಲವು ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳಬೇಕು: ಈ ಲೆಕ್ಕವು ಏನನ್ನು ಕೇಳುತ್ತದೆ? ಹಿಂದೆ ಮಾಡಿದ ಲೆಕ್ಕಕ್ಕೂ ಇದಕ್ಕೂ ಏನು ಸಾಮ್ಯ, ಏನು ಭೇದ? ಯಾವ ಉಪಾಯವು ಇದಕ್ಕೆ ತಕ್ಕುದು, ಏಕೆ? ಮುಂದೆ ಇವುಗಳಿಗೆ, ಬಂದ ಉತ್ತರವು ಯುಕ್ತವಾಗಿದೆಯೇ ಎಂಬ ಪುನರಾಲೋಚನೆಯ ಪ್ರಶ್ನೆಯೂ ಕೂಡಿತು. ನಮ್ಮ ಉದಾಹರಣೆಯ ಹುಡುಗಿಗೆ ಈ ಕಡೆಯ ಪ್ರಶ್ನೆಯೊಂದೇ ಸಾಕಾಗಿದ್ದಿತು.

ಈ ಎರಡು ಕ್ರಮಗಳು ಮೇಲುನೋಟಕ್ಕೆ ಬೇರೆಯಾದರೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸ್ಲೇವಿನ್ ಅವರದು, ಜಾಣನಾದವನು ಜೊತೆಯವನಿಗೆ ಹೇಳಿಕೊಡುವುದಕ್ಕೆ ಕಾರಣವನ್ನು ಒದಗಿಸುತ್ತದೆ. ಮೆವರೆಕ್ ಅವರದು ಏನನ್ನು ಹೇಳಬೇಕು, ಏನನ್ನು ಕೇಳಬೇಕು ಎಂಬ ಮಾತನ್ನು ಒದಗಿಸುತ್ತದೆ. ಪಂದ್ಯದ ಕ್ರಮವನ್ನು ಮಗ್ಗಿ, ಬಾಯಿಲೆಕ್ಕ ಮುಂತಾದ ಅಭ್ಯಾಸಗಳಿಗೂ, ಜಿಗ್‌ಸಾ ಕ್ರಮವನ್ನು ಸರ್ವಸಮತೆಯಂತಹ ಕೆಲವು ಪಾಠಗಳಿಗೂ, ವೈಯಕ್ತಿಕ ಮಟ್ಟದ ಕ್ರಮವನ್ನು ಹಿಂದುಳಿದ ಲೆಕ್ಕಗಳನ್ನು ತುಂಬಿಕೊಳ್ಳುವುದಕ್ಕೂ ಇಟ್ಟುಕೊಂಡು, ನಿತ್ಯದ ಪಾಠಕ್ಕೆ ಈ ಎರಡನ್ನು ಕೂಡಿಸಿಕೊಳ್ಳುವುದು ಯುಕ್ತವೆಂದು ನಮಗೆ ತೋರುತ್ತದೆ.

೭. ಆಕ್ಷೇಪಗಳು

ಜಾಣ ಮಕ್ಕಳ ಕಾಲವು ವ್ಯರ್ಥವಾಗುವುದೆಂಬುದು ಮೊದಲ ಆಕ್ಷೇಪ. ವೆಬ್ ಅವರ ಶೋಧನೆಯೇ ಇದಕ್ಕೆ ಉತ್ತರ. ಆದರೆ ಜಾಣನಿಗೆ ಹೇಳಿಕೊಡುವ ಕೆಲಸವಿರಬೇಕೇ ಹೊರತು ಬರೆದುಕೊಡುವ ಕೆಲಸವಲ್ಲ. ಎರಡನೆಯದು, ಐವತ್ತು ಅರುವತ್ತು ಮಕ್ಕಳ ತರಗತಿಯಲ್ಲಿ ಗದ್ದಲವಾಗುವುದೆಂಬುದು. ಇದು ಸುಳ್ಳಲ್ಲ. ಹೊಸದಾಗಿ ತೊಡಗುವವರು ವಾರಕ್ಕೆ ಒಂದೆರಡು ಪಾಠಗಳಲ್ಲಿ, ಮಗ್ಗುಲಲ್ಲಿ ಕುಳಿತ ಇಬ್ಬಿಬ್ಬರನ್ನು ಕೂಡಿಸಿ ಆರಂಭಿಸುವುದು ಲೇಸು.

ಮೂರನೆಯದು ಹೆಚ್ಚು ಗಹನವಾದುದು. ಸ್ಟ್ಯಾನ್‌ಫೋರ್ಡಿನ ಎಲಿಜಬೆತ್ ಕೋಹೆನ್ ಅವರು ತೋರಿಸಿರುವಂತೆ, ಪಂಗಡದಲ್ಲಿ ಯಾರನ್ನು ಇತರರು ಮೇಲಿನವರೆಂದು ಭಾವಿಸುವರೋ ಅವರೇ ಹೆಚ್ಚು ಮಾತನಾಡುತ್ತಾರೆ, ಹೆಚ್ಚು ಮಾತನಾಡಿದವರೇ ಹೆಚ್ಚು ಕಲಿಯುತ್ತಾರೆ. ಹೊರಗಿನ ಲೋಕದ ತಾರತಮ್ಯವು ಮೇಜಿನ ಸುತ್ತಲೂ ಬಂದು ಕೂರುತ್ತದೆ. ಜಾತಿ, ಸಿರಿತನ, ಗಂಡು ಹೆಣ್ಣೆಂಬ ಭೇದಗಳಿರುವ ನಮ್ಮ ಊರುಗಳಲ್ಲಿ, ಮಕ್ಕಳನ್ನು ಸುಮ್ಮನೆ ಒಟ್ಟಿಗೆ ಕೂಡಿಸಿಬಿಟ್ಟರೆ ಸಮತೆ ತಾನಾಗಿ ಉಂಟಾಗದು. ಯಾರು ವಿವರಿಸಬೇಕೆಂಬುದನ್ನು ಸರದಿಯಿಂದ ಗೊತ್ತುಮಾಡುವುದು, ಉತ್ತರ ಹೇಳುವುದಕ್ಕೆ ಪಂಗಡದ ಯಾರನ್ನಾದರೂ ಚೀಟಿಯೆತ್ತಿ ಕರೆಯುವುದು, ಮೆಲುಮಾತಿನ ಮಗುವು ಹೇಳಿದ ಒಳ್ಳೆಯ ಮಾತನ್ನು ಎಲ್ಲರೆದುರಿಗೆ ಹೆಸರೆತ್ತಿ ತೋರಿಸುವುದು, ಇವು ಉಪಾಧ್ಯಾಯರು ಮರೆಯಬಾರದ ಕರ್ತವ್ಯಗಳು.

೮. ಉಪಸಂಹಾರ

ಈಗ ಮೊದಲಲ್ಲಿ ಹೇಳಿದ ಭಾಷೆಯ ಪ್ರಶ್ನೆಗೆ ಬರೋಣ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿ ಐದನೆಯ ಎರಡೆಂದು ಬರೆದ ಹುಡುಗನಿಗೆ ಅವನ ಗೆಳತಿಯು ಛೇದ, ಅಂಶ, ಲಘುತಮ ಸಾಮಾನ್ಯ ಅಪವರ್ತ್ಯವೆಂಬ ಮಾತುಗಳಿಂದ ತಿಳಿಯಹೇಳಲಾರಳು. ಅರ್ಧ ರೊಟ್ಟಿಯ ಮೇಲೆ ಇನ್ನಷ್ಟು ಹಾಕಿಕೊಂಡರೆ ಅದು ಅರ್ಧಕ್ಕಿಂತ ಕಡಮೆಯಾಗುವುದು ಹೇಗೋ ಎಂದು ಅವಳು ಮನೆಯ ಮಾತಿನಲ್ಲಿ ಕೇಳುವಳು. ಆ ಮಾತಿನಿಂದ ತಪ್ಪು ಬಯಲಾದ ಮೇಲೆ ಛೇದವೆಂಬ ಶಬ್ದಕ್ಕೆ ನಿಲ್ಲಲು ನೆಲೆ ದೊರೆಯುತ್ತದೆ. ನಮ್ಮ ನಾಡಿನ ರಾಜಾದಿತ್ಯನು ಹನ್ನೆರಡನೆಯ ಶತಮಾನದಲ್ಲಿ ಗಣಿತವನ್ನು ಕನ್ನಡದಲ್ಲಿ ಬರೆಯಲು ತೊಡಗಿದುದು, ಶಾಸ್ತ್ರವು ದೇಶಭಾಷೆಗೆ ಇಳಿದು ಬರಬೇಕೆಂಬ ಆಸೆಯಿಂದಲೇ ಎಂದು ತಿಳಿಯಬಹುದು. ಗ್ರಂಥದ ಮಾತಿಗೂ ಆಡುವ ಮಾತಿಗೂ ನಡುವೆ ಸೇತುವೆಯಿಲ್ಲವೆಂಬುದೇ ಕ್ಯಾಂಬೆಲ್ ಅವರು ಬಳ್ಳಾರಿಯ ಮಠಗಳಲ್ಲಿ ಕಂಡ ಕೊರತೆಯಾಗಿದ್ದಿತು. ನಾಲ್ಕು ಮಕ್ಕಳು ಒಂದು ಲೆಕ್ಕದ ಸುತ್ತ ಕುಳಿತು, ತಮ್ಮ ಮಾತಿನಲ್ಲಿ ತರ್ಕಿಸಿ, ಕಡೆಗೆ ಗ್ರಂಥದ ಮಾತಿಗೆ ಬಂದು ಸೇರಿದರೆ ಆ ಸೇತುವೆಯನ್ನು ತಾವೇ ಕಟ್ಟಿಕೊಂಡಂತಾಗುತ್ತದೆ.

ಆದುದರಿಂದ ಸಾಹಿತ್ಯದ ಉಪಾಧ್ಯಾಯರು ತಮ್ಮ ತರಗತಿಗಳಲ್ಲಿ ಮಕ್ಕಳಿಗೆ ಕಾರಣಸಹಿತವಾಗಿ ಮಾತನಾಡುವುದನ್ನೂ, ಇನ್ನೊಬ್ಬನ ಮಾತನ್ನು ತಾಳ್ಮೆಯಿಂದ ಕೇಳಿ ಪ್ರಶ್ನಿಸುವುದನ್ನೂ ಅಭ್ಯಾಸಮಾಡಿಸಿದರೆ, ಪಕ್ಕದ ಕೊಠಡಿಯ ಗಣಿತದ ಉಪಾಧ್ಯಾಯರಿಗೆ ಅರ್ಧ ಕೆಲಸವನ್ನು ಮಾಡಿಕೊಟ್ಟಂತಾಗುವುದು. ಉಳಿದರ್ಧವು ಕಿಟಕಿಯ ಬಳಿಯ ನಾಲ್ಕನೆಯ ಹುಡುಗನನ್ನು ಕರೆದು, ಈ ಲೆಕ್ಕವನ್ನು ನಿನ್ನ ತಂಡವು ಹೇಗೆ ಮಾಡಿತು, ನೀನು ಹೇಳು ಎಂದು ಕೇಳುವುದರಲ್ಲಿದೆ.